ಮಳೆಗಾಲಕ್ಕೊಂದು ಹಳ್ಳಿಯ ಕೊಲೆಗಥೆ: ಹವ್ಯಾಸಿ ಪತ್ತೇದಾರರ ಜೊತೆ ಕುಳಿತು ಓದುವ ಬಗೆ

ಶಿರಸಿಯ ನಮ್ಮ ಮನೆಯಲ್ಲಿ ಒಂದು ಆಷಾಢದಲ್ಲಿ ಮೂರು ದಿನ ಕರೆಂಟು ಇರಲಿಲ್ಲ. ಅಮ್ಮಮ್ಮ ಜಗುಲಿಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದಳು. ನಾನು ಓದುತ್ತಿದ್ದ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯ ಕಥೆಯನ್ನು ಅವಳಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಇಂಗ್ಲೆಂಡಿನ ಒಂದು ಹಳ್ಳಿ, ದೊಡ್ಡ ಮನೆ, ಮುದುಕ ಯಜಮಾನ, ಓದುವ ಕೋಣೆಯಲ್ಲಿ ಅವನ ಹೆಣ. ಕೋಣೆಯಲ್ಲಿ ಏನೇನಿತ್ತು ಎಂದು ಹೇಳುವಾಗ ಅಗ್ಗಿಷ್ಟಿಕೆಯಲ್ಲಿ ಚೂರು ಬೂದಿ ಇದ್ದದ್ದನ್ನೂ ಹೇಳಿ ಮುಂದಕ್ಕೆ ಹೋದೆ. ಅಮ್ಮಮ್ಮನ ಕೈ ನಿಂತಿತು.

‘ಬೇಸಿಗೆ ಎಂದೆಯಲ್ಲ ಮಾಣಿ? ಸೆಖೆಗೆ ಕಿಟಕಿ ತೆಗೆದಿಟ್ಟಿದ್ದರು ಎಂದೂ ಹೇಳಿದೆ. ಮತ್ತೆ ಬೂದಿ ಎಲ್ಲಿಂದ ಬಂತು?’

ಆ ಪುಟವನ್ನು ನಾನು ಎರಡು ಸಲ ಓದಿದ್ದೆ. ನನಗೆ ಹೊಳೆದಿರಲಿಲ್ಲ. ಅದು ಕಾಗದ ಸುಟ್ಟ ಬೂದಿ, ಆ ಕಾಗದವೇ ಕೊಲೆಗೆ ಕಾರಣ. ಇಂಗ್ಲಿಷಿನ ಒಂದಕ್ಷರ ಬಾರದ ಅಮ್ಮಮ್ಮನಿಗೆ ಅದು ಸಿಕ್ಕಿದ್ದು ಹೇಗೆ? ಮನೆಯಲ್ಲಿ ಬೆಂಕಿ ಯಾವಾಗ ಹಚ್ಚುತ್ತಾರೆ, ಯಾವಾಗ ಹಚ್ಚುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅಷ್ಟೇ.

ಮುಂದೆ ಬರೆದಿರುವುದೆಲ್ಲ ಆ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ಹಳ್ಳಿಯ ಕೊಲೆಗಥೆಯನ್ನು ಓದುವವರು ಮೊದಲು ಆ ಹಳ್ಳಿಯ ವಾಡಿಕೆಯನ್ನು ಕಲಿಯಬೇಕು. ಆಮೇಲೆ ವಾಡಿಕೆ ತಪ್ಪಿದ್ದು ಎಲ್ಲಿ ಎಂದು ನೋಡಬೇಕು. ಕೊಲೆಗಾರ ಸಿಗುವುದು ಅಲ್ಲಿ.

ಇಂಥ ಕಥೆಗಳನ್ನು ಇಂಗ್ಲಿಷ್ ಓದುಗರು ಕೋಜಿ ಎನ್ನುತ್ತಾರೆ. ನಾವು ಬೆಚ್ಚನೆಯ ಕೊಲೆಗಥೆ ಎಂದುಕೊಳ್ಳಬಹುದು. ರಕ್ತ ಹೆಚ್ಚು ಹರಿಯುವುದಿಲ್ಲ. ಒಬ್ಬರಿಗೊಬ್ಬರು ಪರಿಚಯವಿರುವ ಸಣ್ಣ ಊರು ಇರುತ್ತದೆ, ಪೊಲೀಸರಲ್ಲದ ಒಬ್ಬರು ಗುಟ್ಟನ್ನು ಬಿಡಿಸುತ್ತಾರೆ. ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್ ಎಂಬ ಅವಿವಾಹಿತ ಮುದುಕಿ ಈ ಕುಲದ ಹಿರಿಯಜ್ಜಿ. 1927ರಲ್ಲಿ ಒಂದು ಸಣ್ಣಕಥೆಯಲ್ಲಿ ಕಾಣಿಸಿಕೊಂಡ ಆಕೆ 1930ರಲ್ಲಿ ಕಾದಂಬರಿಗೆ ಬಂದಳು. ಒಟ್ಟು 12 ಕಾದಂಬರಿಗಳು, 20 ಸಣ್ಣಕಥೆಗಳು ಅವಳವು. ಜಿ.ಕೆ. ಚೆಸ್ಟರ್‌ಟನ್‌ರ ಫಾದರ್ ಬ್ರೌನ್ ಎಂಬ ಪಾದ್ರಿ ಅವಳಿಗಿಂತಲೂ ಮೊದಲಿನವನು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಓಟದಲ್ಲಿ ಓದು ಕಲಿತ ನಮ್ಮಂಥವರಿಗೆ ಈ ಕಥೆಗಳ ಮೊದಲ ಐವತ್ತು ಪುಟ ತೀರ ನಿಧಾನ ಎನ್ನಿಸುತ್ತದೆ. ಆ ನಿಧಾನವನ್ನು ದಾಟಿಸಿಕೊಂಡು ಹೋಗಬೇಡಿ. ಅಲ್ಲಿಯೇ ಎಲ್ಲವೂ ಇದೆ.

ಮೊದಲ ಹಂತ: ಪುಸ್ತಕ ಮತ್ತು ಹೊತ್ತು

ಇದರಲ್ಲಿ ಹೆಚ್ಚು ಯೋಚಿಸುವುದು ಬೇಡ. 200ರಿಂದ 250 ಪುಟದ ಒಂದು ಪುಸ್ತಕ ಸಾಕು. ಸರಣಿಯ ಮೊದಲನೆಯದೇ ಆಗಬೇಕೆಂದಿಲ್ಲ, ಏಕೆಂದರೆ ಪ್ರತಿ ಕೊಲೆಯೂ ಆಯಾ ಪುಸ್ತಕದಲ್ಲೇ ತೀರುತ್ತದೆ. ಹಿಂಬದಿಯ ರಕ್ಷಾಪುಟದಲ್ಲಿ ಮೊದಲ ಎರಡು ವಾಕ್ಯ ಓದಿ ನಿಲ್ಲಿಸಿ. ಸಾಯುವವರು ಯಾರು ಎಂಬುದನ್ನು ಪ್ರಕಾಶಕರು ಅಲ್ಲೇ ಹೇಳಿಬಿಡುವುದುಂಟು.

ಮೂರು ನಾಲ್ಕು ದಿನದಲ್ಲಿ ಮುಗಿಸುವಂತೆ ಹೊತ್ತು ಹೊಂದಿಸಿಕೊಳ್ಳಿ. ವಾರ ದಾಟಿದರೆ ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಎಂಬುದು ಮರೆತುಹೋಗುತ್ತದೆ. ಘಟ್ಟದ ಮೇಲಿನ ನಮಗೆ ತೋಟಕ್ಕೆ ಇಳಿಯಲಾಗದಷ್ಟು ಮಳೆ ಹೊಯ್ಯುವ ದಿನಗಳು ಇದಕ್ಕೆ ಹೇಳಿಮಾಡಿಸಿದವು. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ಬಂದರು ನಿಶ್ಶಬ್ದವಾಗಿರುತ್ತದೆ. ಬೋಟಿಗೆ ಹೋಗುವ ನನ್ನ ಗೆಳೆಯನೊಬ್ಬ ಆ ಎರಡು ತಿಂಗಳಲ್ಲಿ ಓದುವಷ್ಟನ್ನು ಉಳಿದ ಹತ್ತು ತಿಂಗಳಲ್ಲಿ ಓದುವುದಿಲ್ಲ.

ಇಂಗ್ಲಿಷಿನಲ್ಲಿ ಓದುವವರಿಗೆ ಒಂದು ಮಾತು. ಗೊತ್ತಿಲ್ಲದ ಪ್ರತಿ ಪದಕ್ಕೂ ನಿಘಂಟು ತೆಗೆಯುತ್ತ ಕುಳಿತರೆ ಕಥೆ ಸಾಯುತ್ತದೆ. ಗುಣವನ್ನು, ಭಾವವನ್ನು ಹೇಳುವ ಪದಗಳನ್ನು ಅಂದಾಜಿನಲ್ಲಿ ದಾಟಿ. ಆದರೆ ಮನೆಯ ವಸ್ತುಗಳ, ಕೋಣೆಗಳ ಹೆಸರನ್ನು ಮಾತ್ರ ಬಿಡಬೇಡಿ. ಸ್ಕಲರಿ ಎಂದರೆ ಪಾತ್ರೆ ತೊಳೆಯುವ ಕೋಣೆ, ಲಾರ್ಡರ್ ಎಂದರೆ ತಿನ್ನುವ ಪದಾರ್ಥ ತಂಪಾಗಿಡುವ ಕೋಣೆ. ಸ್ಕಲರಿಗೆ ಹಿತ್ತಲ ಬಾಗಿಲು ಇರುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಕೊಲೆಗಾರ ಹೇಗೆ ಒಳಗೆ ಬಂದ ಎಂಬುದೇ ಅರ್ಥವಾಗುವುದಿಲ್ಲ.

ಎರಡನೆಯ ಹಂತ: ಊರಿನ ನಕ್ಷೆ ಬರೆಯಿರಿ

ಹಳ್ಳಿ ಎಂದ ತಕ್ಷಣ ನಮ್ಮ ಕಣ್ಣ ಮುಂದೆ ನಮ್ಮ ಹಳ್ಳಿಯೇ ಬರುತ್ತದೆ. ಕಣಿವೆಯಲ್ಲಿ ಅಡಿಕೆ ತೋಟ, ಅಂಚಿನಲ್ಲಿ ಒಂದು ಮನೆ, ಸಂಕ (ಹಳ್ಳದ ಕಿರುಸೇತುವೆ) ದಾಟಿ ದಣಪೆ (ಬೇಲಿಯ ಗೇಟು) ತೆಗೆದು ಹೋದರೆ ಇನ್ನೊಂದು ಮನೆ. ಪಕ್ಕದ ಮನೆಯಲ್ಲಿ ಕೂಗಿದರೆ ನಮಗೆ ಕೇಳಿಸುವುದು ಅಷ್ಟಕ್ಕಷ್ಟೇ. ಇಂಗ್ಲೆಂಡಿನ ಕಥೆಯ ಹಳ್ಳಿ ಹಾಗಿಲ್ಲ. ಇಗರ್ಜಿಯ (ಚರ್ಚಿನ) ಸುತ್ತ ಮನೆಗಳು ಒತ್ತಾಗಿ ನಿಂತಿರುತ್ತವೆ. ಒಂದು ಮುಖ್ಯ ಬೀದಿ, ಅದರಲ್ಲೇ ಅಂಚೆ ಕಚೇರಿ, ಮಾಂಸದಂಗಡಿ, ಪಬ್ಬು. ಸ್ವಲ್ಪ ದೂರದಲ್ಲಿ ಜಮೀನುದಾರನ ದೊಡ್ಡ ಮನೆ. ಪಾದ್ರಿಯ ಮನೆಗೆ ಇಗರ್ಜಿಯ ಹತ್ತಿರವೇ ತೋಟವಿರುತ್ತದೆ. ಒಬ್ಬರ ತೋಟದಲ್ಲಿ ಕಳೆ ಕೀಳುತ್ತಿರುವವರಿಗೆ ಇನ್ನೊಬ್ಬರ ಗೇಟು ಕಾಣುತ್ತದೆ. ಈ ಕಾಣುವುದು, ಕಾಣದಿರುವುದರ ಮೇಲೆಯೇ ಅರ್ಧ ಕಥೆ ನಿಂತಿರುತ್ತದೆ.

ಹಾಗಾಗಿ ಒಂದು ಹಾಳೆಯಲ್ಲಿ ನಕ್ಷೆ ಬರೆದುಕೊಳ್ಳಿ. ಹಳೆಯ ಕೆಲವು ಪುಸ್ತಕಗಳಲ್ಲಿ ನಕ್ಷೆಯನ್ನೇ ಅಚ್ಚು ಹಾಕಿರುತ್ತಾರೆ, ಆಗಲೂ ನಿಮ್ಮ ಕೈಯಿಂದ ಒಮ್ಮೆ ಬರೆಯಿರಿ. ಪ್ರತಿ ಮನೆಯ ಕಿಟಕಿ ಯಾವ ಕಡೆಗೆ ತೆರೆಯುತ್ತದೆ ಎಂದು ಬಾಣದ ಗುರುತು ಹಾಕಿ. ‘ನಾನು ಅವನನ್ನು ಬೀದಿಯಲ್ಲಿ ಕಂಡೆ’ ಎಂದು ಯಾರಾದರೂ ಹೇಳಿದರೆ ಆ ಬಾಣವನ್ನು ನೋಡಿ. ಬಾಣ ತೋಟದ ಕಡೆಗೆ ಇದ್ದರೆ ಅವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಆ ಹೊತ್ತಿನಲ್ಲಿ ತಮ್ಮ ಮನೆಯಲ್ಲಿ ಇರಲಿಲ್ಲ.

ಊರಿನ ಜನರ ಬಗ್ಗೆಯೂ ಒಂದು ತಿದ್ದುಪಡಿ ಬೇಕು. ಅಲ್ಲಿನ ಆಂಗ್ಲಿಕನ್ ಪಾದ್ರಿಗೆ ಹೆಂಡತಿ ಮಕ್ಕಳು ಇರುತ್ತಾರೆ. ನಮ್ಮ ಕರಾವಳಿಯ ಕ್ಯಾಥೊಲಿಕ್ ಪಾದ್ರಿಗಳನ್ನೇ ಕಂಡು ಬೆಳೆದವರು ಈ ಹೆಂಡತಿಯನ್ನು ನೋಡಿಯೇ ಏನೋ ಗುಟ್ಟಿದೆ ಎಂದುಕೊಳ್ಳುತ್ತಾರೆ. ಗುಟ್ಟಿಲ್ಲ, ಅದು ಅಲ್ಲಿಯ ವಾಡಿಕೆ.

ಮೂರನೆಯ ಹಂತ: ಗಡಿಯಾರ, ಬೆಳಕು, ಅಂಚೆ

ನಮ್ಮ ಓದುಗರು ಎಡವುವುದು ಹೆಚ್ಚಾಗಿ ಇಲ್ಲಿ, ಅದರಲ್ಲಿಯೂ ಬೆಳಕಿನಲ್ಲಿ. ನಮ್ಮಲ್ಲಿ ವರ್ಷದ ಯಾವ ದಿನವಾದರೂ ಸೂರ್ಯ ಮುಳುಗುವುದು ಸಂಜೆ ಆರರಿಂದ ಏಳರ ಆಚೀಚೆ. ಇಂಗ್ಲೆಂಡಿನಲ್ಲಿ ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ ಮುಳುಗುತ್ತಾನೆ, ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಮುಳುಗಿಬಿಡುತ್ತಾನೆ. 1916ರಿಂದ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವ ಪದ್ಧತಿಯೂ ಇದೆ. ‘ಎಂಟು ಗಂಟೆಗೆ ಅವನು ತೋಟದಲ್ಲಿ ನಿಂತಿದ್ದ, ಮುಖ ಸ್ಪಷ್ಟವಾಗಿ ಕಂಡಿತು’ ಎಂಬ ಮಾತು ಬೇಸಿಗೆಯ ಕಥೆಯಲ್ಲಿ ನಿಜವಿರಬಹುದು. ಚಳಿಗಾಲದ ಕಥೆಯಲ್ಲಿ ಅದನ್ನು ಹೇಳಿದವರ ಹೆಸರಿನ ಮುಂದೆ ಒಂದು ಚುಕ್ಕೆ ಇಡಿ. ಮೊದಲ ಅಧ್ಯಾಯದಲ್ಲಿ ತಿಂಗಳು ಯಾವುದು ಎಂದು ಹುಡುಕಿ ಹಾಳೆಯ ತಲೆಯಲ್ಲಿ ಬರೆದುಕೊಳ್ಳುವುದು ಅದಕ್ಕಾಗಿ. ತಿಂಗಳನ್ನು ಹೇಳದಿದ್ದರೂ ಹೂವನ್ನು, ಬೆಂಕಿಯನ್ನು, ಉಡುಪನ್ನು ಹೇಳಿರುತ್ತಾರೆ.

ಆಮೇಲೆ ಊಟ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ನಾಲ್ಕು ಐದರ ನಡುವೆ ಚಹಾ, ರಾತ್ರಿ ಏಳೂವರೆ ಎಂಟಕ್ಕೆ ಉಡುಪು ಬದಲಿಸಿ ಊಟ. ದೊಡ್ಡ ಮನೆಯ ದಿನ ಈ ನಾಲ್ಕು ಗೂಟಗಳಿಗೆ ಕಟ್ಟಿದ್ದು. ಉಡುಪು ಬದಲಿಸುವ ಆ ಅರ್ಧ ಗಂಟೆ ಪ್ರತಿಯೊಬ್ಬರೂ ಅವರವರ ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಲೇಖಕರಿಗೆ ಬಹಳ ಪ್ರಿಯವಾದ ಅರ್ಧ ಗಂಟೆ ಅದು. ಮನೆಗೆಲಸದವರಿಗೆ ವಾರಕ್ಕೊಮ್ಮೆ ಅರ್ಧ ದಿನ ರಜೆ. ಅಡುಗೆಯವಳು ಇಲ್ಲದ ಆ ಮಧ್ಯಾಹ್ನವನ್ನು ಯಾರು ಯಾರು ತಿಳಿದಿದ್ದರು ಎಂದು ಕೇಳಿಕೊಳ್ಳಿ.

ಹಳೆಯ ಕಥೆಗಳಲ್ಲಿ ಅಂಚೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ. ಬೆಳಗಿನ ಪತ್ರಕ್ಕೂ ಸಂಜೆಯ ಪತ್ರಕ್ಕೂ ವ್ಯತ್ಯಾಸ ಗುರುತಿಸಿಕೊಳ್ಳಿ. ಊರಿನ ಟೆಲಿಫೋನು ಅಂಚೆ ಕಚೇರಿಯ ಕೈಯಲ್ಲಿರುವ ಕಥೆಗಳೂ ಇವೆ. ಅಲ್ಲಿ ಕೂತವರಿಗೆ ಊರಿನ ಎಲ್ಲ ಮಾತು ಕೇಳಿಸಿರುತ್ತದೆ.

ನಾಲ್ಕನೆಯ ಹಂತ: ಒಬ್ಬೊಬ್ಬರಿಗೆ ಒಂದೊಂದು ಪುಟ

ಮಕ್ಕಳು ಬರೆಯುವ ನೂರು ಪುಟದ ಪಟ್ಟಿ (ನೋಟ್‌ಬುಕ್) ಸಾಕು. ಪ್ರತಿ ಪಾತ್ರಕ್ಕೂ ಒಂದು ಪುಟ, ಮೇಲೆ ಹೆಸರು, ಸತ್ತವರಿಗೆ ಆ ವ್ಯಕ್ತಿ ಏನಾಗಬೇಕು ಎಂಬುದು. ಕೆಳಗೆ ಮೂರು ವಿಷಯ: ಅವರ ದಿನದ ವಾಡಿಕೆ, ಅವರ ಹಣದ ಸ್ಥಿತಿ, ಅವರು ಹೇಳಿದ ಸುಳ್ಳು. ಪ್ರತಿ ಮಾಹಿತಿಯ ಪಕ್ಕದಲ್ಲಿ ಒಂದಕ್ಷರ ಹಾಕುವುದು ನಾನು ರೂಢಿಸಿಕೊಂಡ ಅಭ್ಯಾಸ. ಪಾತ್ರ ತಾನೇ ಕಂಡದ್ದಾದರೆ ‘ಕ’, ಇನ್ನೊಬ್ಬರ ಬಾಯಿಂದ ಕೇಳಿದ್ದಾದರೆ ‘ಕೇ’, ಬರೀ ಊಹೆಯಾದರೆ ‘ಊ’. ಅರ್ಧ ಪುಸ್ತಕ ಮುಗಿದ ಮೇಲೆ ಪಟ್ಟಿ ತಿರುವಿದರೆ ಬೆರಗಾಗುತ್ತದೆ. ನಾವು ಗಟ್ಟಿ ಎಂದು ನಂಬಿಕೊಂಡ ಎಷ್ಟೋ ಸಂಗತಿಗಳ ಪಕ್ಕದಲ್ಲಿ ‘ಕೇ’ ಇರುತ್ತದೆ. ಹಿಂದಿನ ಬೀದಿಯಲ್ಲಿ ಹುಟ್ಟಿದ ಮಾತು ಮುಂದಿನ ಬೀದಿಗೆ ಬರುವಷ್ಟರಲ್ಲಿ ಸಾಕ್ಷಿಯಾಗಿಬಿಟ್ಟಿರುತ್ತದೆ.

ಸುಳ್ಳಿನ ಬಗ್ಗೆ ಗಾಬರಿ ಬೇಡ. ಈ ಕಥೆಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಸುಳ್ಳು ಹೇಳುತ್ತಾರೆ. ಒಬ್ಬಳಿಗೆ ಹಳೆಯ ಮದುವೆಯ ಗುಟ್ಟು, ಒಬ್ಬನಿಗೆ ಸಾಲ, ಇನ್ನೊಬ್ಬ ಆ ಹೊತ್ತಿನಲ್ಲಿ ಹೋಗಬಾರದ ಮನೆಗೆ ಹೋಗಿದ್ದ. ಇವು ಮಾನ ಉಳಿಸಿಕೊಳ್ಳುವ ಸುಳ್ಳುಗಳು. ಇವನ್ನು ಒಂದೊಂದಾಗಿ ಬಿಡಿಸಿ ಪಕ್ಕಕ್ಕಿಟ್ಟರೆ, ಮಾನಕ್ಕೂ ಸಂಬಂಧವಿಲ್ಲದ, ಯಾಕೆ ಹೇಳಿದರು ಎಂದೇ ತಿಳಿಯದ ಒಂದು ಪುಟ್ಟ ಸುಳ್ಳು ಉಳಿಯುತ್ತದೆ. ಅದನ್ನು ಹಿಡಿದುಕೊಳ್ಳಿ. ಆ ಕಾಲದ ಇಂಗ್ಲೆಂಡಿನಲ್ಲಿ ಕೊಲೆ ಸಾಬೀತಾದರೆ ಗಲ್ಲು. 1957ರಲ್ಲಿ ಅದು ಕೆಲವು ಬಗೆಯ ಕೊಲೆಗಳಿಗೆ ಮಾತ್ರ ಉಳಿಯಿತು, 1965ರಲ್ಲಿ ಅದೂ ನಿಂತಿತು. ಗುಟ್ಟು ಮುಚ್ಚಿಡಲು ಹೋದ ನಿರಪರಾಧಿಯೂ ಕುಣಿಕೆಯ ಹತ್ತಿರಕ್ಕೆ ಹೋಗಿ ನಿಲ್ಲುತ್ತಾನೆ ಎಂಬ ಆತಂಕ ಈ ಕಥೆಗಳ ತಿಳಿ ಹಾಸ್ಯದ ಅಡಿಯಲ್ಲಿ ಹರಿಯುತ್ತಿರುತ್ತದೆ.

ಇನ್ನೊಂದು ಸಹಾಯವುಂಟು. ರೊನಾಲ್ಡ್ ನಾಕ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ ತಾವೂ ಪತ್ತೇದಾರಿ ಕಥೆ ಬರೆಯುತ್ತಿದ್ದರು. 1929ರಲ್ಲಿ ಅವರು ಇಂಥ ಕಥೆಗೆ ಹತ್ತು ಕಟ್ಟಳೆಗಳನ್ನು ಹಾಕಿಕೊಟ್ಟರು. ಕೊಲೆಗಾರ ಕಥೆಯ ಆರಂಭದ ಭಾಗದಲ್ಲೇ ಬಂದಿರಬೇಕು, ದೆವ್ವ ಭೂತ ಬರಕೂಡದು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಎಂಬುವು ಅವುಗಳಲ್ಲಿ ಕೆಲವು. ಎಲ್ಲರೂ ಎಲ್ಲವನ್ನೂ ಪಾಲಿಸಲಿಲ್ಲ, ಆದರೆ ಮೊದಲನೆಯದು ಇಂದಿಗೂ ಸಲ್ಲುತ್ತದೆ. ಪುಸ್ತಕದ ಕಾಲು ಭಾಗ ಮುಗಿದಾಗ ಪಟ್ಟಿಯಲ್ಲಿ ಒಂದು ಗೆರೆ ಎಳೆಯಿರಿ. ಗೆರೆಯ ಮೇಲಿನ ಹೆಸರುಗಳಲ್ಲಿ ಒಂದು ಕೊಲೆಗಾರನದು.

ಅದಕ್ಕೂ ಒಂದು ವರ್ಷ ಮೊದಲು ಎಸ್.ಎಸ್. ವ್ಯಾನ್ ಡೈನ್ ಎಂಬ ಅಮೆರಿಕದ ಲೇಖಕರು ಇಪ್ಪತ್ತು ನಿಯಮ ಬರೆದಿದ್ದರು. ಮನೆಗೆಲಸದವರನ್ನು ಕೊಲೆಗಾರರನ್ನಾಗಿ ಮಾಡಕೂಡದು, ಅದು ಬಹಳ ಸುಲಭದ ದಾರಿ ಎಂದು ಅದರಲ್ಲಿದೆ. ನನಗೆ ಈ ನಿಯಮ ಒಪ್ಪಿಗೆಯಿಲ್ಲ. ಕೆಲಸದವರು ಕೊಲೆಗಾರರ ಪಟ್ಟಿಗೂ ಲಾಯಕ್ಕಲ್ಲ ಎಂಬ ತಾತ್ಸಾರ ಅದರೊಳಗಿದೆ. ಒಳ್ಳೆಯ ಲೇಖಕರು ಈ ತಾತ್ಸಾರವನ್ನೇ ಓದುಗನ ಮೇಲೆ ತಿರುಗಿಸಿ ಹೊಡೆಯುತ್ತಾರೆ. ಚಹಾದ ತಟ್ಟೆ ಇಟ್ಟು ಹೋದ ಹುಡುಗಿಗೂ ಒಂದು ಪುಟ ಕೊಡಿ.

ಐದನೆಯ ಹಂತ: ಮೃತ್ಯುಪತ್ರವೂ ವಿಷವೂ

ಹಣದ ಸ್ಥಿತಿ ಎಂಬ ಅಂಕಣ ತುಂಬುವಾಗ ಮೃತ್ಯುಪತ್ರದ ಲೆಕ್ಕ ಗೊತ್ತಿರಲೇಬೇಕು. ನಮ್ಮ ಅವಿಭಕ್ತ ಕುಟುಂಬದಲ್ಲಿ ಪಿತ್ರಾರ್ಜಿತದ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮನಾಗಿ ಬರುತ್ತದೆ. ಅಪ್ಪನಿಗೆ ಎಷ್ಟೇ ಸಿಟ್ಟು ಬಂದರೂ ಮಗನ ಪಾಲಿನ ತೋಟವನ್ನು ಬೇರೆಯವರಿಗೆ ಬರೆದುಕೊಡಲಾರ. ಆದ್ದರಿಂದ ಸೋದರಳಿಯನೊಬ್ಬ ಮಾವನ ಮರ್ಜಿಗಾಗಿ ನಡುಗುತ್ತ ನಿಂತಿದ್ದರೆ ನಮಗೆ ಅದು ಅತಿ ಎನ್ನಿಸುತ್ತದೆ. ಅಲ್ಲಿ ಅದು ಅತಿಯಲ್ಲ. ಇಂಗ್ಲೆಂಡಿನಲ್ಲಿ 1938ರ ಕಾನೂನು ಬರುವ ವರೆಗೆ ಒಬ್ಬ ತನ್ನ ಹೆಂಡತಿ ಮಕ್ಕಳಿಗೂ ಬಿಡಿಗಾಸು ಬಿಡದೆ ಎಲ್ಲವನ್ನೂ ಯಾರಿಗೆ ಬೇಕಾದರೂ ಬರೆಯಬಹುದಿತ್ತು.

1837ರ ಅಲ್ಲಿಯ ಮೃತ್ಯುಪತ್ರದ ಕಾನೂನಿನಲ್ಲಿ ಓದುಗನಿಗೆ ಬೇಕಾದ ಮೂರು ಅಂಶಗಳಿವೆ. ಇಬ್ಬರು ಸಾಕ್ಷಿಗಳು ಒಟ್ಟಿಗೆ ಇದ್ದಾಗ ಸಹಿ ಆಗಬೇಕು. ಸಾಕ್ಷಿ ಹಾಕಿದವರಿಗೆ ಆ ಪತ್ರದಲ್ಲಿ ಏನು ಬರೆದಿದ್ದರೂ ಸಿಗುವುದಿಲ್ಲ. ಮದುವೆಯಾದರೆ ಹಿಂದಿನ ಮೃತ್ಯುಪತ್ರ ಬಿದ್ದುಹೋಗುತ್ತದೆ. ಈಗ ಕಥೆಗೆ ಬನ್ನಿ. ಯಜಮಾನ ಗಂಟೆ ಬಾರಿಸಿ ಅಡುಗೆಯವಳನ್ನೂ ತೋಟಗಾರನನ್ನೂ ಕರೆದು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ ಎಂದು ಒಂದು ಸಾಲು ಬಂದರೆ ಎರಡು ವಿಷಯ ತಿಳಿದಂತಾಯಿತು: ಹೊಸ ಮೃತ್ಯುಪತ್ರ ಆಗಿದೆ, ಈ ಇಬ್ಬರಿಗೆ ಅದರಿಂದ ಲಾಭವಿಲ್ಲ. ಅರವತ್ತರ ವಿಧುರ ಮದುವೆ ನಿಶ್ಚಯವಾಯಿತೆಂದು ಸಾರಿದರೆ ಹಳೆಯ ವಾರಸುದಾರರಿಗೆ ಮದುವೆಯ ದಿನದ ವರೆಗೆ ಮಾತ್ರ ಅವಕಾಶ. ‘ನಾಳೆ ವಕೀಲರನ್ನು ಬರಹೇಳಿದ್ದೇನೆ’ ಎಂದು ಊಟದ ಮೇಜಿನಲ್ಲಿ ಹೇಳಿದವನು ಆ ರಾತ್ರಿಯನ್ನು ಕಳೆಯುವುದು ಕಷ್ಟ.

ವಿಷದ ವಿಚಾರ ಅಡಿಕೆ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ಮಳೆ ಹಿಡಿಯುವ ಮುನ್ನ ಕೊಳೆರೋಗಕ್ಕೆ ಮದ್ದು ಹೊಡೆಯಲು ನಾವೆಲ್ಲರೂ ಮೈಲುತುತ್ತ ತರುತ್ತೇವೆ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದು ಮನೆಯಲ್ಲಿದೆ ಎಂಬ ಕಾರಣಕ್ಕೆ ಯಾರನ್ನೂ ಸಂಶಯಿಸಲಾಗದು. ಇಂಗ್ಲೆಂಡಿನ ಹಳೆಯ ಹಳ್ಳಿಯಲ್ಲಿ ಕಳೆನಾಶಕದಲ್ಲಿ, ನೊಣ ಹಿಡಿಯುವ ಕಾಗದದಲ್ಲಿ ಪಾಷಾಣ (ಆರ್ಸೆನಿಕ್) ಇರುತ್ತಿತ್ತು. 1851ರಲ್ಲಿಯೇ ಪಾಷಾಣ ಕೊಳ್ಳುವವರು ಅಂಗಡಿಯ ಪುಸ್ತಕದಲ್ಲಿ ಸಹಿ ಮಾಡಬೇಕೆಂಬ ಕಾನೂನು ಬಂದಿತ್ತು. ಹಾಗಾಗಿ ಔಷಧದಂಗಡಿಯ ಆ ಪುಸ್ತಕ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಪಾಷಾಣದ ಲಕ್ಷಣ ಹೊಟ್ಟೆ ಕೆಟ್ಟಂತೆಯೇ ಕಾಣುವುದರಿಂದ ಹಳ್ಳಿಯ ಡಾಕ್ಟರು ಮೋಸ ಹೋಗುತ್ತಾರೆ. ಕ್ರಿಸ್ಟಿಯವರು ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿ ಅದರ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ಅವರ ಕಥೆಗಳಲ್ಲಿ ಯಾವ ವಿಷ ಎಷ್ಟು ಹೊತ್ತಿಗೆ ಏನು ಮಾಡುತ್ತದೆ ಎಂಬುದನ್ನು ನಂಬಿ ಓದಬಹುದು. ವಿಷ ಯಾರ ಬಳಿ ಇತ್ತು ಎಂಬ ಪ್ರಶ್ನೆಯಿಂದ ಹೆಚ್ಚು ಲಾಭವಿಲ್ಲ, ಅದು ಎಲ್ಲರ ಕೈಗೆ ಸಿಗುತ್ತಿತ್ತು. ಸತ್ತವರು ಯಾವಾಗ, ಏನನ್ನು, ಯಾರೂ ಮುಟ್ಟದ ಹಾಗೆ ತಾವೊಬ್ಬರೇ ಕುಡಿಯುತ್ತಿದ್ದರು ಎಂಬುದು ಯಾರಿಗೆ ಗೊತ್ತಿತ್ತು? ಮತ್ತೆ ವಾಡಿಕೆಗೇ ಬಂದೆವು.

ಆರನೆಯ ಹಂತ: ಹೆಣ ಸಿಕ್ಕ ಕೋಣೆಯಲ್ಲಿ ನಿಲ್ಲಿ

ಇಲ್ಲಿ ಓದುವ ವೇಗವನ್ನು ಅರ್ಧಕ್ಕಿಳಿಸಿ. ನಾನೇ ಬರೆದ ಒಂದು ಮಾದರಿಯನ್ನು ಕೆಳಗೆ ಕೊಡುತ್ತೇನೆ.

‘ಕರ್ನಲ್ ಸಾಹೇಬರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒರಗಿದ್ದರು. ತಲೆ ಎದೆಯ ಮೇಲೆ ವಾಲಿತ್ತು. ಕೆಳಗೆ ಬಿದ್ದ ಗಡಿಯಾರ 6.20ಕ್ಕೆ ನಿಂತಿತ್ತು. ಚಹಾದ ಬಟ್ಟಲು ಮಗುಚಿ ನೆಲಹಾಸಿನ ಮೇಲೆ ಕಲೆ ಹರಡಿತ್ತು. ತೊಡೆಯ ಮೇಲೆ ಆ ದಿನದ ಪತ್ರಿಕೆ ತೆರೆದುಕೊಂಡಿತ್ತು. ಮೂಲೆಯ ಮೇಜಿನ ಮೇಲೆ ಪೈಪು, ಬೆಂಕಿಪೊಟ್ಟಣ, ಪೆಟ್ಟಿಗೆಯೊಳಗೆ ಕನ್ನಡಕ, ಗುಲಾಬಿಯ ಹೂದಾನಿ. ತೋಟದ ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಹಸಿ ಮಣ್ಣಿನಲ್ಲಿ ಯಾರೋ ಓಡಿಹೋದ ಹೆಜ್ಜೆಗಳಿದ್ದವು.’

ಗದ್ದಲ ಮಾಡುವ ವಸ್ತುಗಳು ಮೂರು: ನಿಂತ ಗಡಿಯಾರ, ಮಗುಚಿದ ಬಟ್ಟಲು, ಓಡಿದ ಹೆಜ್ಜೆ. ಇನ್‌ಸ್ಪೆಕ್ಟರು ಮುಂದಿನ ಮೂವತ್ತು ಪುಟ ಈ ಮೂರರ ಹಿಂದೆ ಸುತ್ತುತ್ತಾನೆ. ಬಡಪಾಯಿ ಕನ್ನಡಕ ವಸ್ತುಗಳ ಒಂದು ಪಟ್ಟಿಯ ನಡುವೆ, ಬೆಂಕಿಪೊಟ್ಟಣಕ್ಕೂ ಹೂದಾನಿಗೂ ಮಧ್ಯೆ, ಮಾತಿಲ್ಲದೆ ಕುಳಿತಿದೆ. ಅದೂ ಕೈಗೆಟುಕದ ಮೂಲೆಯಲ್ಲಿ. ಈಗ ನಿಮ್ಮ ಪಟ್ಟಿಯಲ್ಲಿ ಕರ್ನಲ್ ಸಾಹೇಬರ ಪುಟ ತೆರೆಯಿರಿ. ಎರಡನೆಯ ಅಧ್ಯಾಯದಲ್ಲಿ ಊಟದ ಹೊತ್ತಿಗೆ ಬಂದ ಪತ್ರವನ್ನು ಅವರು ಸೋದರಳಿಯನ ಕೈಗೆ ಕೊಟ್ಟು ‘ಕನ್ನಡಕ ಮೇಲಿದೆ, ನೀನೇ ಓದು’ ಎಂದಿದ್ದನ್ನು ವಾಡಿಕೆಯ ಅಂಕಣದಲ್ಲಿ ಬರೆದುಕೊಂಡಿದ್ದರೆ ಕೆಲಸ ಮುಗಿಯಿತು. ಕನ್ನಡಕವಿಲ್ಲದೆ ಪತ್ರ ಓದಲಾಗದವರು ಪತ್ರಿಕೆಯನ್ನು ತೊಡೆಯ ಮೇಲೆ ಹರಡಿಕೊಂಡದ್ದು ಏಕೆ? ಅವರು ಹರಡಿಕೊಳ್ಳಲಿಲ್ಲ, ಇನ್ನೊಬ್ಬರು ಹರಡಿದರು. ಕಿಟಕಿಯ ಹೊರಗೆ ಆರು ಗಂಟೆಗೆ ಹಾದುಹೋದ ಪಾದ್ರಿಯ ಹೆಂಡತಿ ‘ಕರ್ನಲ್ ಸಾಹೇಬರು ಪತ್ರಿಕೆ ಓದುತ್ತಿದ್ದರು’ ಎಂದು ಹೇಳಿದ್ದಾಳೆ. ಆಕೆ ಕಂಡದ್ದು ಹೆಣವನ್ನು. ಹಾಗಾದರೆ ಕೊಲೆ ಆರಕ್ಕಿಂತ ಮೊದಲೇ ಆಗಿದೆ, ಗಡಿಯಾರವನ್ನು ಬೇಕೆಂದೇ ನಿಲ್ಲಿಸಿದ್ದಾರೆ, 6.20ಕ್ಕೆ ಬೇರೆಡೆ ಇದ್ದೆ ಎಂದು ಎದೆ ತಟ್ಟಿ ಹೇಳುವವರ ಮಾತಿಗೆ ಬೆಲೆಯಿಲ್ಲ.

ಪಾದ್ರಿಯ ಹೆಂಡತಿ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಿ. ‘ಕುಳಿತಿದ್ದರು’ ಎಂಬುದಕ್ಕೆ ‘ಕ’, ‘ಓದುತ್ತಿದ್ದರು’ ಎಂಬುದಕ್ಕೆ ‘ಊ’. ಒಂದೇ ವಾಕ್ಯದಲ್ಲಿ ಎರಡೂ ಇರುತ್ತವೆ.

ಕಥೆಯಲ್ಲಿ ವಸ್ತುಗಳ ಪಟ್ಟಿ ಬಂದ ಕಡೆಯಲ್ಲೆಲ್ಲ ನಿಲ್ಲಿ. ಪಟ್ಟಿಯ ಮೊದಲ ವಸ್ತುವೂ ಕೊನೆಯ ವಸ್ತುವೂ ನೆನಪಿನಲ್ಲಿ ಉಳಿಯುತ್ತವೆ, ನಡುವಿನವು ಜಾರುತ್ತವೆ. ಲೇಖಕರಿಗೆ ಇದು ಚೆನ್ನಾಗಿ ಗೊತ್ತು. ಇರಬೇಕಾದ್ದು ಇಲ್ಲದಿರುವುದನ್ನು ಹಿಡಿಯುವುದು ಇನ್ನೂ ಕಷ್ಟ, ಅದಕ್ಕೆ ಅಮ್ಮಮ್ಮನಂಥ ಕಿವಿ ಬೇಕು. ಮನೆಯಲ್ಲಿ ಕೇಳುವವರಿದ್ದರೆ ಈ ಅಧ್ಯಾಯವನ್ನು ಅವರಿಗೆ ಕನ್ನಡದಲ್ಲಿ ಹೇಳಿ. ಹೇಳುವಾಗ ಏನನ್ನೂ ಹಾರಿಸಬೇಡಿ. ಪುಸ್ತಕ ಓದದವರು ಪುಸ್ತಕದ ಗತ್ತಿಗೆ ಸಿಕ್ಕಿಬೀಳುವುದಿಲ್ಲ, ನೇರ ಮನೆಯೊಳಗೆ ನಡೆದುಹೋಗುತ್ತಾರೆ.

ಏಳನೆಯ ಹಂತ: ಪತ್ತೇದಾರಳ ಹರಟೆಯನ್ನು ಹಾರಿಸಬೇಡಿ

ಪೊಲೀಸರು ಪ್ರಶ್ನೆ ಕೇಳಿದರೆ ಊರು ಬಾಯಿ ಮುಚ್ಚಿಕೊಳ್ಳುತ್ತದೆ. ಮುದುಕಿಯೊಬ್ಬಳು ಹೆಣಿಗೆ ಹಿಡಿದು ಕುಳಿತರೆ ಊರು ತಾನಾಗಿ ಮಾತಾಡುತ್ತದೆ. ನಮ್ಮಲ್ಲಿ ಬಂದವರಿಗೆ ಕುಡಿಯಲು ಆಸರಿಗೆ ಕೊಟ್ಟು, ಕವಳದ (ಎಲೆಯಡಿಕೆಯ) ತಬಕು ಮುಂದಿಟ್ಟ ಮೇಲೆ ವಿಷಯ ಹೊರಬರುವಂತೆ ಅಲ್ಲಿ ಚಹಾದ ಬಟ್ಟಲಿನ ಮುಂದೆ ಬರುತ್ತದೆ. ಆದ್ದರಿಂದ ಚಹಾದ ಅಧ್ಯಾಯಗಳನ್ನು ವಿಚಾರಣೆಯ ಅಧ್ಯಾಯಗಳೆಂದೇ ಓದಿ.

ಮಿಸ್ ಮಾರ್ಪಲ್ ಯಾವಾಗಲೂ ಕೊಲೆಯ ನಡುವೆ ಊರಿನ ಹಳೆಯ ಒಂದು ಪ್ರಸಂಗವನ್ನು ನೆನೆಯುತ್ತಾಳೆ. ಅಂಗಡಿಯವನು ಕೊಟ್ಟ ಕಡಿಮೆ ತೂಕ, ಕೆಲಸದ ಹುಡುಗಿ ಮುಚ್ಚಿಟ್ಟ ಪಿಂಗಾಣಿ, ಹೀಗೆ. ಇನ್‌ಸ್ಪೆಕ್ಟರಿಗೆ ಅದು ವಯಸ್ಸಾದವರ ಅಡ್ಡಮಾತು. ಅವಳಿಗೆ ಅದೇ ಅಳತೆಗೋಲು, ಈ ಮನುಷ್ಯ ಆ ಮನುಷ್ಯನ ಜಾತಿಗೆ ಸೇರಿದವನು ಎಂದು ಅಳೆಯುತ್ತಾಳೆ. ಅವಳು ಹೀಗೆ ಯಾರನ್ನಾದರೂ ನೆನೆದ ತಕ್ಷಣ ಆ ಹೋಲಿಕೆಯನ್ನು ಪಟ್ಟಿಯಲ್ಲಿ ಬರೆದುಕೊಳ್ಳಿ. ನಿಮ್ಮ ಊರಿನಲ್ಲಿ ಅಂಥವರು ಯಾರಿದ್ದಾರೆ ಎಂದು ಮನಸ್ಸಿನಲ್ಲೇ ನೋಡಿ. ಹೆಸರನ್ನು ಬಾಯಿಬಿಟ್ಟು ಹೇಳಬೇಡಿ, ಆದರೆ ನೋಡಿ.

ಎಂಟನೆಯ ಹಂತ: ಪುಸ್ತಕ ಮುಚ್ಚಿ

ಒಂದು ಹೊತ್ತು ಬರುತ್ತದೆ. ಯಾರೋ ಏನೋ ಸಣ್ಣ ಮಾತು ಹೇಳುತ್ತಾರೆ, ಪತ್ತೇದಾರಳ ಕೈಯಿಂದ ಹೆಣಿಗೆ ಜಾರುತ್ತದೆ, ‘ನಾನೆಂಥ ದಡ್ಡಿ’ ಎನ್ನುತ್ತಾಳೆ. ಅಥವಾ ಎಲ್ಲರನ್ನೂ ಒಂದು ಕೋಣೆಗೆ ಕರೆಸುತ್ತಾರೆ. ಅಲ್ಲಿಗೆ ಬೇಕಾದ ಸುಳಿವುಗಳೆಲ್ಲ ನಿಮ್ಮ ಕೈಗೂ ಬಂದಿವೆ ಎಂದು ಅರ್ಥ. ಎಲರಿ ಕ್ವೀನ್ ಹೆಸರಿನ ಅಮೆರಿಕದ ಪುಸ್ತಕಗಳಲ್ಲಿ 1929ರಿಂದ ಈ ಜಾಗದಲ್ಲಿ ಓದುಗನಿಗೆ ಸವಾಲು ಎಂಬ ಒಂದು ಪುಟವನ್ನೇ ಹಾಕುತ್ತಿದ್ದರು. ನಿಮ್ಮ ಪುಸ್ತಕದಲ್ಲಿ ಆ ಪುಟ ಇಲ್ಲದಿದ್ದರೂ ಇದೆಯೆಂದೇ ತಿಳಿಯಿರಿ.

ಮುಚ್ಚಿ, ಒಂದು ರಾತ್ರಿ ಬಿಡಿ. ಪಟ್ಟಿಯ ಕೊನೆಯ ಪುಟದಲ್ಲಿ ಮೂರು ಸಾಲು ಬರೆಯಿರಿ: ಯಾರು, ಹೇಗೆ, ಅದನ್ನು ತೋರಿಸುವ ಒಂದೇ ಒಂದು ವಸ್ತು ಯಾವುದು. ಮೂರನೆಯದು ಇಲ್ಲದಿದ್ದರೆ ಮೊದಲನೆಯದು ಬರೀ ಸಂಶಯ, ಅದಕ್ಕೆ ಅಂಕವಿಲ್ಲ. ನನಗೆ ಹತ್ತು ಪುಸ್ತಕಗಳಲ್ಲಿ ಮೂರಕ್ಕಿಂತ ಹೆಚ್ಚು ಸರಿಯಾಗುವುದಿಲ್ಲ. ತಪ್ಪಾದಾಗ ಸಿಗುವ ಸಂತೋಷವೂ ಕಡಿಮೆಯಲ್ಲ, ಲೇಖಕರು ನನ್ನ ಕಣ್ಣೆದುರೇ ಇಟ್ಟಿದ್ದನ್ನು ನಾನು ದಾಟಿ ಹೋದೆ ಎಂದು ತಿಳಿದಾಗ ಮೈ ಝುಮ್ಮೆನ್ನುತ್ತದೆ. ಬೆಳಿಗ್ಗೆ ಕೊನೆಯ ಅಧ್ಯಾಯಗಳನ್ನು ಒಂದೇ ಉಸಿರಿಗೆ ಓದಿ ಮುಗಿಸಿ.

ಕೊನೆಯ ಹಂತ: ಮತ್ತೊಮ್ಮೆ

ಕೊಲೆಗಾರ ಗೊತ್ತಾದ ಮೇಲೆ ಮತ್ತೆ ಓದುವುದೇನು ಎಂದು ಕೇಳುವವರಿಗೆ ನಾನು ತಾಳಮದ್ದಳೆಯನ್ನು ತೋರಿಸುತ್ತೇನೆ. ಕರ್ಣ ಸಾಯುತ್ತಾನೆ ಎಂಬುದು ಗೊತ್ತಿಲ್ಲದವರು ನಮ್ಮ ಕಡೆ ಯಾರಿದ್ದಾರೆ? ಆದರೂ ಇಡೀ ರಾತ್ರಿ ಕುಳಿತು ಅರ್ಥಧಾರಿ ಅವನನ್ನು ಆ ಸಾವಿಗೆ ಹೇಗೆ ನಡೆಸಿಕೊಂಡು ಬರುತ್ತಾನೆ ಎಂದು ಕೇಳುತ್ತೇವೆ. ಎರಡನೆಯ ಓದು ಅದೇ ಬಗೆಯದು. ಪೂರ್ತಿ ಓದಲು ಹೊತ್ತಿಲ್ಲದಿದ್ದರೆ ಮೊದಲ ಮೂರು ಅಧ್ಯಾಯ ಮತ್ತು ಹೆಣ ಸಿಕ್ಕ ಅಧ್ಯಾಯ ಸಾಕು. ಕೊಲೆಗಾರ ಬಾಯಿ ತೆರೆದ ಪ್ರತಿ ಸಾಲಿಗೂ ಪೆನ್ಸಿಲಿನಲ್ಲಿ ತೆಳುವಾಗಿ ಗುರುತು ಹಾಕಿ. ಆಗ ಸುಳ್ಳು ಎಂದು ತೋರಿದ ಮಾತುಗಳಲ್ಲಿ ಎಷ್ಟೋ ನಿಜ, ನಿಜವೆಂದು ದಾಟಿದವುಗಳಿಗೆ ಎರಡು ಅರ್ಥ.

ಗುರುತು ಹಾಕಿದ್ದು ನಿಮ್ಮದೇ ಪುಸ್ತಕವಾದರೂ ಬೇರೆಯವರಿಗೆ ಕೊಡುವ ಮೊದಲು ರಬ್ಬರಿನಿಂದ ಅಳಿಸಿ. ಮೊದಲ ಖಾಲಿ ಪುಟದಲ್ಲಿ ಪಾತ್ರಗಳ ಹೆಸರು ಮತ್ತು ಸಂಬಂಧ ಬರೆದ ಒಂದು ಚೀಟಿ ಅಂಟಿಸಿ, ಊರಿನ ನಕ್ಷೆಯನ್ನು ಮಡಚಿ ಒಳಗಿಡಿ. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂದಷ್ಟೇ ಹೇಳಿ. ಯಾವ ಪಾತ್ರದ ಹೆಸರು ಬಂದರೂ ಮುಖದಲ್ಲಿ ಏನೂ ತೋರಗೊಡಬೇಡಿ.